ನೀರಿನ ಹದ ಹೇಳುವವರು ಯಾರು?

ಅರವತ್ತು ದಾಟಿದವರಿರುವ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇದ್ದೇ ಇರುತ್ತದೆ. ಸಕ್ಕರೆ, ಕ್ರಿಯಾಟಿನಿನ್, ಕೊಲೆಸ್ಟರಾಲ್, ಬಿ-12, ಇಸಿಜಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಒಂದು ಕಾಲದಲ್ಲಿ ಮದುವೆಯ ಆಲ್ಬಂಗೆ ಇದ್ದ ಗೌರವ ಈಗ ಅದಕ್ಕೆ ಸಿಗುತ್ತಿದೆ. ಆದರೆ ಕೆಲವು ಪ್ರಶ್ನೆಗಳಿಗೆ ಆ ಫೈಲಿನ ಯಾವ ಹಾಳೆಯಲ್ಲೂ ಉತ್ತರವಿಲ್ಲ. ರಾತ್ರಿ ಎದ್ದರೆ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿಬರುತ್ತೀರಾ? ಸೀರೆ ನೀವೇ ಉಟ್ಟುಕೊಳ್ಳುತ್ತೀರಾ? ನೆಲದ ಮೇಲೆ ಕೂತರೆ ಏಳುವುದಕ್ಕೆ ಗೋಡೆ ಸಾಕೋ, ಇನ್ನೊಬ್ಬರ ಕೈ ಬೇಕೋ? ಪಿಂಚಣಿ ಬಂದ ದಿನ ಹಣ ಯಾರ ಕೈಗೆ ಹೋಗುತ್ತದೆ?

ವೈದ್ಯರಿಗೆ ಇದನ್ನೆಲ್ಲ ಕೇಳಲು ಪುರುಸೊತ್ತಿಲ್ಲ. ನಾವೂ ಹೇಳಿಕೊಳ್ಳುವುದಿಲ್ಲ. ಸಕ್ಕರೆ ಇನ್ನೂರೈವತ್ತಕ್ಕೆ ಹೋಗಿದೆ ಎಂದು ಬಸ್ಸಿನಲ್ಲಿ ಪಕ್ಕದವರಿಗೂ ಹೇಳುತ್ತೇವೆ. ಒಳಚಡ್ಡಿ ಹಾಕಿಕೊಳ್ಳಲು ಬಗ್ಗಲಾಗುತ್ತಿಲ್ಲ ಎಂಬುದನ್ನು ಹೆಂಡತಿಗೂ ಹೇಳುವುದಿಲ್ಲ. ಆದರೆ ದಿನ ಸಾಗುವುದು ಈ ಬಗ್ಗುವ, ಏಳುವ, ಉಡುವ ಕೆಲಸಗಳ ಮೇಲೆಯೇ. ಎರಡು ಕಾಯಿಲೆ ಇಟ್ಟುಕೊಂಡೂ ತನ್ನ ದಿನವನ್ನು ತಾನೇ ನಡೆಸುವವರಿದ್ದಾರೆ. ಎಲ್ಲ ವರದಿಗಳೂ ನಾರ್ಮಲ್ ಇದ್ದು, ಬಚ್ಚಲಿನ ಒದ್ದೆ ಮೆಟ್ಟಿಲಿಗೆ ಹೆದರಿ ಸ್ನಾನವನ್ನೇ ವಾರಕ್ಕೆರಡು ಸಲಕ್ಕೆ ಇಳಿಸಿಕೊಂಡವರೂ ಇದ್ದಾರೆ.

ನಮ್ಮ ಜನಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ‘ಕೈಕಾಲು ಗಟ್ಟಿ ಇರುವಾಗಲೇ ಹೋಗಿಬಿಡಬೇಕಪ್ಪ, ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳುವ ಹಾಗಾಗಬಾರದು’ ಎಂಬ ಮಾತನ್ನು ಯಾವ ಮನೆಯಲ್ಲಿ ಕೇಳಿಲ್ಲ? ಈ ಮಾತಿನಲ್ಲಿ ಅರ್ಧ ಸರಿಯಿದೆ, ಅರ್ಧ ತಪ್ಪಿದೆ. ಆರೋಗ್ಯವೆಂದರೆ ದಿನದ ಕೆಲಸಗಳು ನಮ್ಮ ವಶದಲ್ಲಿರುವುದು ಎಂಬ ಅರ್ಧ ಸರಿ. ಇನ್ನೊಬ್ಬರ ಕೈ ಬೇಕಾದ ಕೂಡಲೇ ಬದುಕಿನ ಮರ್ಯಾದೆ ಮುಗಿಯಿತು ಎಂಬ ಅರ್ಧದ ಮೇಲೆ ನನಗೆ ತಕರಾರಿದೆ.

ಸರಿಯಾದ ಅರ್ಧಕ್ಕೆ ವೈದ್ಯಶಾಸ್ತ್ರ ಬಂದದ್ದು ತಡವಾಗಿ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸೊಂಟದ ಮೂಳೆ ಮುರಿದುಕೊಂಡ ವೃದ್ಧರನ್ನು ಗಮನಿಸುತ್ತಿದ್ದ ಸಿಡ್ನಿ ಕಾಟ್ಸ್ ಎಂಬ ವೈದ್ಯರು ಮತ್ತವರ ತಂಡ 1963ರಲ್ಲಿ ಒಂದು ಸರಳ ಅಳತೆಪಟ್ಟಿ ಪ್ರಕಟಿಸಿದರು. ಅದರಲ್ಲಿ ಇದ್ದದ್ದು ಆರೇ ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ದಾಟುವುದು, ಮಲಮೂತ್ರದ ಹಿಡಿತ, ಊಟ. ಒಂದೊಂದಕ್ಕೂ ಸಹಾಯ ಬೇಕೋ ಬೇಡವೋ ಎಂದಷ್ಟೇ ಕೇಳುವುದು. ಅವರು ಕಂಡ ಸೋಜಿಗವೆಂದರೆ, ಈ ಶಕ್ತಿಗಳು ಹೋಗುವುದಕ್ಕೆ ಒಂದು ಸರದಿ ಇದೆ. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕಟ್ಟಕಡೆಗೆ ಊಟ. ಚೇತರಿಸಿಕೊಳ್ಳುವವರಲ್ಲಿ ಇದೇ ಸರದಿ ಹಿಂದುಮುಂದಾಗಿ, ಮಗು ಬೆಳೆಯುತ್ತ ಒಂದೊಂದೇ ಕಲಿಯುವ ಕ್ರಮದಲ್ಲಿ, ವಾಪಸು ಬರುತ್ತದೆ.

ಸ್ನಾನವೇ ಏಕೆ ಮೊದಲು ಎಂಬುದಕ್ಕೆ ನಮ್ಮ ಬಚ್ಚಲುಮನೆ ನೋಡಿದರೆ ಸಾಕು. ಒದ್ದೆ ನೆಲದ ಮೇಲೆ ನಿಲ್ಲಬೇಕು, ಹಂಡೆಗೋ ಬಕೆಟ್ಟಿಗೋ ಬಗ್ಗಬೇಕು, ತುಂಬಿದ ಚೊಂಬು ತಲೆಯ ಮೇಲಕ್ಕೆ ಎತ್ತಬೇಕು, ಕಣ್ಣಿಗೆ ಸೋಪು ಹೋದಾಗಲೂ ಸಮತೋಲ ತಪ್ಪಬಾರದು. ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲಿನಲ್ಲಿ, ಎರಡು ಮೆಟ್ಟಿಲು ಕೆಳಗೆ, ಹೊಗೆಗತ್ತಲೆಯಲ್ಲಿ. ಅಂದಹಾಗೆ, ಕಾಟ್ಸ್‌ ಅವರ ಪಟ್ಟಿ ಮಂಚ-ಕುರ್ಚಿಯವರ ಪಟ್ಟಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರುಗಾಲಿನಲ್ಲಿ ಶೌಚಕ್ಕೆ ಕೂರುವ ನಮಗೆ ಇನ್ನೊಂದು ಕೆಲಸ ಸೇರಿಸಬೇಕಿತ್ತು: ನೆಲದಿಂದ ಏಳುವುದು. ಪಂಕ್ತಿಯಲ್ಲಿ ಕೂರುತ್ತಿದ್ದವರು ಮೇಜಿನ ಕಡೆಗೆ ಸರಿದರೆಂದರೆ ಆ ಮನೆಯಲ್ಲಿ ಏನೋ ಬದಲಾಗಿದೆ ಎಂದೇ ಲೆಕ್ಕ.

2017–18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ವೃದ್ಧಾಪ್ಯ ಸಮೀಕ್ಷೆಯ ಪ್ರಕಾರ, ಅರವತ್ತು ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಮೂಲ ಕೆಲಸಗಳಲ್ಲಿ ಒಂದಾದರೂ ಕಷ್ಟ. ಅಡುಗೆ, ಸಾಮಾನು ತರುವುದು, ಹಣದ ವ್ಯವಹಾರ, ಮಾತ್ರೆ ನೆನಪಿಟ್ಟು ನುಂಗುವುದು ಮುಂತಾದ ತುಸು ಜಟಿಲ ಕೆಲಸಗಳಿಗೆ ಬಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ.

ಈ ಎರಡನೆಯ ಬಗೆಯ ಕೆಲಸಗಳ ಪಟ್ಟಿಯನ್ನು 1969ರಲ್ಲಿ ರೂಪಿಸಿದವರು ಫಿಲಡೆಲ್ಫಿಯಾದ ಲಾಟನ್ ಮತ್ತು ಬ್ರಾಡಿ. ಫೋನು, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು — ಒಟ್ಟು ಎಂಟು. ಹೆಂಗಸರಿಗೆ ಎಂಟಕ್ಕೆ ಅಂಕ. ಗಂಡಸರಿಗೆ ಐದಕ್ಕೆ ಮಾತ್ರ. ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಅವರ ಲೆಕ್ಕದಿಂದ ಬಿಟ್ಟಿದ್ದರು. ಆ ಕಾಲದ ಗಂಡಸರು ಹೇಗೂ ಅವನ್ನು ಮಾಡುತ್ತಿರಲಿಲ್ಲವಲ್ಲ! ನಗು ಬರುತ್ತದೆ, ಆದರೆ ನಮ್ಮ ಮನೆಗಳ ಲೆಕ್ಕವೂ ಇದೇ. ಎಪ್ಪತ್ತು ವರ್ಷ ಒಮ್ಮೆಯೂ ಒಲೆ ಹಚ್ಚದ, ತನ್ನ ಪಂಚೆ ಎಲ್ಲಿದೆಯೆಂದು ಗೊತ್ತಿಲ್ಲದ, ಕಾಫಿಗೂ ಕೂಗು ಹಾಕುವ ಯಜಮಾನರನ್ನು ಯಾರೂ ಪರಾವಲಂಬಿ ಎನ್ನುವುದಿಲ್ಲ. ಸ್ನಾನಕ್ಕೆ ಆಳು ನೀರು ತೋಡಿ, ಬೆನ್ನು ಉಜ್ಜಿ, ಬಟ್ಟೆ ಒಗೆದ ದೊಡ್ಡ ಮನೆಯವರನ್ನೂ ಅನ್ನಲಿಲ್ಲ. ಅವರು ಇನ್ನೊಬ್ಬರ ಕೈಯಲ್ಲೇ ಎಲ್ಲ ಮಾಡಿಸಿಕೊಂಡರು, ಮರ್ಯಾದೆ ಹೋಗಲಿಲ್ಲ. ಏಕೆಂದರೆ ನೀರು ಎಷ್ಟು ಬಿಸಿ ಇರಬೇಕು, ಎಷ್ಟು ಹೊತ್ತಿಗೆ ತೋಡಬೇಕು ಎಂದು ಹೇಳುತ್ತಿದ್ದವರು ಅವರೇ. ದೈನ್ಯ ಶುರುವಾಗುವುದು ಮಾತು ಕೈತಪ್ಪಿದಾಗ. ಅದೇ ಬೆನ್ನು, ಅದೇ ನೀರು, ಉಜ್ಜುವವರ ಕೈಯೂ ಅಂಥದ್ದೇ. ‘ಸುಮ್ನೆ ಕೂತ್ಕೊಳ್ಳಿ, ನಿಮಗೇನು ಗೊತ್ತಾಗುತ್ತೆ’ ಎಂಬ ಮಾತು ಒಂದು ಬಂದರೆ ಸಾಕು.

ಹಾಗಾಗಿ ಸ್ವಾವಲಂಬನೆಯಲ್ಲಿ ಎರಡು ಲೆಕ್ಕಗಳಿವೆ, ಬೇರೆಬೇರೆ ಇಡಬೇಕು. ಕೆಲಸ ಯಾರ ಕೈ ಮಾಡುತ್ತದೆ ಎಂಬುದು ಒಂದು. ಅದು ಹೇಗೆ, ಯಾವಾಗ ಆಗಬೇಕೆಂದು ಯಾರು ಹೇಳುತ್ತಾರೆ ಎಂಬುದು ಇನ್ನೊಂದು. ನಮ್ಮ ಕುಟುಂಬಗಳು ಎಡವುವುದು ಇಲ್ಲಿ: ಮೊದಲನೆಯದು ಕುಂದಿತೆಂದು ಎರಡನೆಯದನ್ನೂ ಕಿತ್ತುಕೊಳ್ಳುತ್ತವೆ. ಅದೂ ಪ್ರೀತಿಯಿಂದ, ಅದಕ್ಕೇ ಎದುರಾಡುವುದು ಕಷ್ಟ. ಅಪ್ಪನಿಗೆ ಮಂಡಿನೋವು ಎಂದು ಬ್ಯಾಂಕಿನ ಪಾಸ್‌ಬುಕ್ಕು ಮಗನ ಬೀರುವಿಗೆ ಹೋಗುತ್ತದೆ. ಮಂಡಿಗೂ ಪಾಸ್‌ಬುಕ್ಕಿಗೂ ಏನು ಸಂಬಂಧ? ಅಮ್ಮನ ಕೈ ನಡುಗುತ್ತದೆಂದು ಚಾಕು ಕಸಿಯುತ್ತೇವೆ. ಸಾರಿಗೆ ಹುಳಿ ಎಷ್ಟು ಬೇಕೆಂದು ಕೇಳುವುದನ್ನೂ ಅಂದಿನಿಂದಲೇ ನಿಲ್ಲಿಸುತ್ತೇವೆ.

ಕೈಯ ಲೆಕ್ಕದಲ್ಲೂ ಪ್ರೀತಿ ನಷ್ಟ ಮಾಡುತ್ತದೆ. ‘ನೀವು ಏಳಬೇಡಿ, ನಾನು ತಂದುಕೊಡ್ತೀನಿ’ ಎಂಬ ಮಾತು ಮುದುಕರ ತೊಡೆಯ ಸ್ನಾಯುವಿಗೆ ವಿಷ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಅರವತ್ತು-ಎಪ್ಪತ್ತರ ಹನ್ನೆರಡು ಜನರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ್ದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಸೊಂಟ ಮುರಿದು ಆಸ್ಪತ್ರೆ ಸೇರಿದವರನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ಎಬ್ಬಿಸಿ ನಿಲ್ಲಿಸಲು ಈಗಿನ ಫಿಸಿಯೋಥೆರಪಿಸ್ಟರು ಹಟ ಹಿಡಿಯುವುದು ಇದಕ್ಕೇ. ನೋಡಲು ಬಂದ ನೆಂಟರಿಗೆ ಅದು ಕ್ರೌರ್ಯವಾಗಿ ಕಾಣುತ್ತದೆ. ಪಾರ್ಶ್ವವಾಯು ಆದವರು ಹತ್ತು ನಿಮಿಷ ತೆಗೆದುಕೊಂಡು ತಾವೇ ಗುಂಡಿ ಹಾಕಿಕೊಂಡರೆ ಆ ಹತ್ತು ನಿಮಿಷವೇ ಚಿಕಿತ್ಸೆ. ನಮಗೆ ಆಫೀಸಿಗೆ ಹೊತ್ತಾಗುತ್ತದೆ, ಅರ್ಧ ನಿಮಿಷದಲ್ಲಿ ನಾವೇ ಹಾಕಿ ಮುಗಿಸುತ್ತೇವೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲಿನ ಸರಳು, ಕೂತು ಮೀಯಲು ಒಂದು ಸ್ಟೂಲು, ಜಾರದ ಒಂದು ಚಾಪೆ ಎಂದರೆ ದೊಡ್ಡ ಖರ್ಚೇನಲ್ಲ. ಎಷ್ಟೋ ಮನೆಗಳಲ್ಲಿ ದೇವರಮನೆಗೆ ಮಾರ್ಬಲ್ ಬರುತ್ತದೆ, ಈ ಸರಳು ಬರುವುದು ಅಜ್ಜಿ ಬಿದ್ದ ಮೇಲೆ.

ಕೈಯ ಲೆಕ್ಕ ಪೂರ್ತಿ ಸೊನ್ನೆಯಾದರೆ? ಇದಕ್ಕೆ ತೀರಾ ಕಟುವಾದ ಉದಾಹರಣೆ ಎಡ್ ರಾಬರ್ಟ್ಸ್ ಅವರದು. 1953ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಪೋಲಿಯೊ ಬಂದು ಕುತ್ತಿಗೆಯ ಕೆಳಗೆ ಹೆಚ್ಚುಕಡಿಮೆ ಏನೂ ಅಲುಗದಂತಾಯಿತು. ಉಸಿರಾಟಕ್ಕೆ ಕಬ್ಬಿಣದ ಯಂತ್ರದೊಳಗೆ ಮಲಗಬೇಕಿತ್ತು. 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದಾಗ ಆ ಯಂತ್ರಕ್ಕೆ ಹಾಸ್ಟೆಲಿನಲ್ಲಿ ಜಾಗವಿಲ್ಲದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಉಳಿದರು. ಕಾಟ್ಸ್ ಪಟ್ಟಿಯಲ್ಲಿ ಅವರಿಗೆ ಹೆಚ್ಚುಕಡಿಮೆ ಅಂಕವೇ ಬರುತ್ತಿರಲಿಲ್ಲ. ಆದರೆ ಅವರೂ ಗೆಳೆಯರೂ ಸಹಾಯಕರನ್ನು ತಾವೇ ಆರಿಸಿದರು, ತಾವೇ ಕೆಲಸ ಹೇಳಿದರು, ಸರಿಬರದಿದ್ದರೆ ತಾವೇ ಬಿಡಿಸಿದರು. 1972ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ವತಂತ್ರ ಜೀವನ ಕೇಂದ್ರ ಈ ಅಭ್ಯಾಸದಿಂದಲೇ ಬೆಳೆದದ್ದು. ಇವರು ಕೆಲಸಕ್ಕೆ ಆಗುವವರಲ್ಲ ಎಂದು ಓದಿಗೆ ನೆರವು ನಿರಾಕರಿಸಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೇ ಮುಂದೆ ಅವರು ನಿರ್ದೇಶಕರಾದರು. ನಮ್ಮ ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 1959ರಲ್ಲಿ, ಗಾಲಿಕುರ್ಚಿಯಲ್ಲಿದ್ದ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದ್ದರು. ಅದು ಇಂದಿಗೂ ನಡೆಯುತ್ತಿದೆ.

ಅವಲಂಬನೆಯೆಲ್ಲ ದೇಹದಲ್ಲೇ ಹುಟ್ಟುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ವೃದ್ಧಾಪ್ಯ ವರದಿಯಲ್ಲಿ, ಒಬ್ಬರಿಗೆ ಏನು ಮಾಡಲು ಸಾಧ್ಯ ಎಂಬುದು ದೇಹದ ಕಸುವು ಮತ್ತು ಸುತ್ತಲ ಪರಿಸರ ಎರಡೂ ಸೇರಿ ಆಗುವಂಥದ್ದು ಎಂದಿತು. ನಮ್ಮಲ್ಲಿ ಇದು ದಿನಾ ಕಾಣುತ್ತದೆ. ನಲವತ್ತು ವರ್ಷ ಮನೆ ಲೆಕ್ಕ ಬರೆದಿಟ್ಟ ಹೆಂಗಸು ಒಟಿಪಿ ಬಂದ ಮೇಲೆ ಮೊಮ್ಮಗನಿಗೆ ಕಾಯುತ್ತಾಳೆ. ಜೀವನವೆಲ್ಲ ಗಾರೆ ಕಲಸಿ ಬೆರಳಚ್ಚು ಸವೆದವರನ್ನು ಪಡಿತರದ ಯಂತ್ರ ಗುರುತಿಸುವುದಿಲ್ಲ. ಅವರ ದೇಹದಲ್ಲಿ ಹೊಸದಾಗಿ ಏನೂ ಕೆಟ್ಟಿಲ್ಲ. 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಲಕ್ಷಾಂತರ ಹೆಂಗಸರು ಬಸ್ ಚಾರ್ಜಿಗೆ ಗಂಡನನ್ನೋ ಮಗನನ್ನೋ ಕೇಳುವುದು ತಪ್ಪಿತು. ಇದನ್ನು ನಾನು ಆರೋಗ್ಯ ಯೋಜನೆ ಎಂದೇ ಎಣಿಸುತ್ತೇನೆ. ಆದರೆ ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಎಪ್ಪತ್ತರ ಮಂಡಿಗೆ ಇನ್ನೂ ಎತ್ತರದಲ್ಲೇ ಇದೆ. ಟಿಕೆಟ್ಟು ಉಚಿತ, ಹತ್ತುವುದಕ್ಕೆ ಕಂಡಕ್ಟರಿನ ಕೈ ಬೇಕು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರಲ್ಲಿ ಬಯಸಿದವರ ಮನೆಗೇ ಮತಪತ್ರ ಹೋಯಿತು. ಕಾಲು ಸೋತವರ ನಿರ್ಧಾರ ಅವರದ್ದೇ ಆಗಿ ಉಳಿಯುವಂತೆ ನೋಡಿಕೊಳ್ಳಲು ಸರ್ಕಾರಕ್ಕೆ ಬರುತ್ತದೆ, ಮನಸ್ಸು ಮಾಡಿದರೆ.

ಇಷ್ಟು ಹೇಳಿದ ಮೇಲೆ ನನ್ನ ವಾದದ ದುರ್ಬಲ ಜಾಗವನ್ನೂ ತೋರಿಸಬೇಕು. ಹೇಳುವ ಹಕ್ಕು ಹಾಸಿಗೆಯಲ್ಲಿರುವವರದ್ದು ಎನ್ನುತ್ತೇವೆ. ಕೇಳಿಸಿಕೊಂಡು ಮಾಡುವವರು ಯಾರು? ಅತ್ತೆಗೆ ಆರು ಗಂಟೆಗೇ ಬಿಸಿನೀರು ಬೇಕು, ಸೊಸೆಗೆ ಏಳಕ್ಕೆ ಗಾರ್ಮೆಂಟ್ಸಿನ ವ್ಯಾನು. ದೊಡ್ಡ ಮನೆಯ ಯಜಮಾನರ ಮರ್ಯಾದೆ ಉಳಿದದ್ದು ಆಳಿನ ಮರ್ಯಾದೆ ಲೆಕ್ಕಕ್ಕೆ ಬಾರದ್ದರಿಂದ. ಅದೇ ವ್ಯವಸ್ಥೆಯನ್ನು ಸೊಸೆಯಂದಿರ ಮೇಲೆ, ಏಜೆನ್ಸಿಯಿಂದ ಬರುವ ಆಯಾಗಳ ಮೇಲೆ ಹೇರಿ ಅದನ್ನು ಸ್ವಾವಲಂಬನೆ ಎನ್ನಲಾಗದು. ರಾಬರ್ಟ್ಸ್ ಅವರ ಸಹಾಯಕರಿಗೆ ಸಂಬಳವಿತ್ತು, ಬಿಟ್ಟುಹೋಗುವ ಸ್ವಾತಂತ್ರ್ಯವಿತ್ತು. ಸೊಸೆಗೆ ಎರಡೂ ಇಲ್ಲ.

ಕಾನೂನಿಗೂ ಅವಳು ಕಾಣುವುದಿಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಮಕ್ಕಳಿಂದ ತಿಂಗಳಿಗೆ ಹತ್ತು ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸಬಲ್ಲದು. ಅದು ಹೇಳುವ ‘ಮಕ್ಕಳು’ ಯಾರೆಂಬ ವಿವರಣೆಯಲ್ಲಿ ಮಗ, ಮಗಳು, ಮೊಮ್ಮಕ್ಕಳು ಇದ್ದಾರೆ, ಸೊಸೆ ಇಲ್ಲ. ರಾತ್ರಿ ಮೂರು ಸಲ ಎದ್ದು ಹಾಸಿಗೆ ಬದಲಿಸುವವಳು ಹೆಚ್ಚಿನ ಮನೆಗಳಲ್ಲಿ ಅವಳೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನಾದರೂ ಆಡುತ್ತದೆ. ಕೇರಳ ಒಂದು ಹೆಜ್ಜೆ ಮುಂದಿದೆ: 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಉಪಶಮನ ಆರೈಕೆಯ ಚಳವಳಿ ಬೆಳೆದು ಅಲ್ಲಿ ಪಂಚಾಯಿತಿಯ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ, ಆಶ್ವಾಸಕಿರಣಂ ಎಂಬ ಯೋಜನೆಯಲ್ಲಿ ಮನೆಯ ಆರೈಕೆದಾರರಿಗೆ ಸಣ್ಣದೊಂದು ಮಾಸಿಕ ಮೊತ್ತವೂ ಇದೆ. ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಬಸುರಿಯರ, ಬಾಣಂತಿಯರ ಪಟ್ಟಿ ಇಟ್ಟುಕೊಂಡಿದ್ದಾರೆ. ಒಬ್ಬರ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವವರ ಪಟ್ಟಿಯನ್ನೂ, ಮಾಡಿಸುವವರ ಪಟ್ಟಿಯನ್ನೂ ಪಂಚಾಯಿತಿ ಇಡಬಹುದು. ಆ ಕೆಲಸವನ್ನು ಆಶಾಗಳ ಈಗಿನ ಪುಡಿಗಾಸಿನ ಮೇಲೆಯೇ ಹೊರಿಸದೆ ಬೇರೆಯವರನ್ನು ನೇಮಿಸಬೇಕು. ಅವರು ತಿಂಗಳಲ್ಲಿ ಎರಡು ದಿನ ಬಂದು ಅತ್ತೆಯನ್ನು ನೋಡಿಕೊಂಡರೆ ಸೊಸೆ ತವರಿಗೆ ಹೋಗಿ ಒಂದು ರಾತ್ರಿ ನಿದ್ದೆ ಮಾಡಿ ಬರಬಹುದು.