ದೂರುಗಳೇ ಇಲ್ಲದ ಕಾಲೇಜು

ನ್ಯಾಕ್ ತಂಡ ಭೇಟಿ ನೀಡುವ ವಾರ ನಮ್ಮ ಪದವಿ ಕಾಲೇಜುಗಳಲ್ಲಿ ಕಾಣುವ ಸಡಗರವನ್ನು ಬಲ್ಲವರಿಗೆ ಒಂದು ಕಡತದ ಪರಿಚಯ ಇದ್ದೇ ಇರುತ್ತದೆ. ‘ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ’ ಎಂದು ಅದರ ಮೇಲೆ ಬರೆದಿರುತ್ತದೆ. ಒಳಗೆ ಐದಾರು ಉಪನ್ಯಾಸಕರ ಹೆಸರುಗಳು, ಒಂದೆರಡು ಸಭೆಗಳ ನಡಾವಳಿ, ಕೊನೆಗೆ ಒಂದು ವಾಕ್ಯ: ‘ಪ್ರಸಕ್ತ ಸಾಲಿನಲ್ಲಿ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ.’ ಪ್ರಾಂಶುಪಾಲರು ಈ ವಾಕ್ಯವನ್ನು ಹೆಮ್ಮೆಯಿಂದ ತೋರಿಸುತ್ತಾರೆ. ತಪಾಸಣೆಗೆ ಬಂದವರು ತಲೆಯಾಡಿಸುತ್ತಾರೆ. ಅದೇ ಹೊತ್ತಿಗೆ ಕಾಲೇಜಿನ ಎದುರಿನ ಬಸ್ಸು ತಂಗುದಾಣದಲ್ಲಿ ನಿಂತ ವಿದ್ಯಾರ್ಥಿಗಳು ಆಂತರಿಕ ಅಂಕದಲ್ಲಾದ ಅನ್ಯಾಯವನ್ನೂ, ರಶೀದಿಯಿಲ್ಲದೆ ವಸೂಲಾದ ದಂಡವನ್ನೂ, ಬಾಗಿಲಿಗೆ ಚಿಲಕವಿಲ್ಲದ ಶೌಚಾಲಯವನ್ನೂ, ಕಚೇರಿಯಲ್ಲೇ ಉಳಿದುಹೋದ ವಿದ್ಯಾರ್ಥಿವೇತನದ ಅರ್ಜಿಯನ್ನೂ ಪರಸ್ಪರ ಹೇಳಿಕೊಳ್ಳುತ್ತಿರುತ್ತಾರೆ.

ಸಾವಿರ ಮಕ್ಕಳು ಓದುವ ಸಂಸ್ಥೆಯಲ್ಲಿ ವರ್ಷವಿಡೀ ಒಂದೇ ಒಂದು ದೂರು ಬರಲಿಲ್ಲವೆಂದರೆ ಅಲ್ಲಿ ಎಲ್ಲವೂ ಸರಿಯಿದೆ ಎಂದು ನಂಬಲು ನಾವು ಸಿದ್ಧರಿಲ್ಲ. ಅಲ್ಲಿ ಭಯವಿದೆ, ಇಲ್ಲವೇ ಅಜ್ಞಾನವಿದೆ. ಬಹಳ ಕಡೆ ಎರಡೂ ಇವೆ. ದೂರನ್ನು ಅಶಿಸ್ತು ಎಂದು ಬಗೆಯುವ ಆಡಳಿತ ಮಂಡಳಿಗಳು ಭಯವನ್ನು ಬಿತ್ತಿದರೆ, ಅಜ್ಞಾನವನ್ನು ಪೋಷಿಸುವುದರಲ್ಲಿ ನಮ್ಮ ಮನೆಗಳೂ ಮೊಹಲ್ಲಾಗಳೂ ಹಿಂದೆ ಬಿದ್ದಿಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ವಿದ್ಯಾರ್ಥಿಗಳ ಕುಂದುಕೊರತೆಗಳ ಬಗ್ಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2012ರಲ್ಲಿ ನಿಯಮ ರೂಪಿಸಿತು, 2019ರಲ್ಲಿ ಅದನ್ನು ಬದಲಿಸಿತು, 2023ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೊಸದಾಗಿ ಹೊರಡಿಸಿತು. ಈ ಕೊನೆಯ ನಿಯಮದಂತೆ ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು. ಅಧ್ಯಕ್ಷರಾಗಿ ಒಬ್ಬ ಪ್ರಾಧ್ಯಾಪಕರು, ಸದಸ್ಯರಾಗಿ ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ. ಇವರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಸೇರಿದವರಾಗಿರಬೇಕು. ದೂರು ಕೈಸೇರಿದ 15 ಕೆಲಸದ ದಿನಗಳೊಳಗೆ ಸಮಿತಿಯು ತನ್ನ ವರದಿಯನ್ನು ಶಿಫಾರಸಿನೊಂದಿಗೆ ಸಕ್ಷಮ ಅಧಿಕಾರಿಗೆ ಕಳುಹಿಸಬೇಕು, ಅದರ ಪ್ರತಿಯನ್ನು ದೂರುದಾರ ವಿದ್ಯಾರ್ಥಿಗೂ ಕೊಡಬೇಕು. ತೀರ್ಪು ಸಮಾಧಾನ ತರದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಲೋಕಪಾಲರಿಗೆ, ಅಂದರೆ ಓಂಬುಡ್ಸ್‌ಪರ್ಸನ್ ಎಂದು ಕರೆಯಲಾಗುವ ಅಧಿಕಾರಿಗೆ, ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿಗಳು, ನಿವೃತ್ತ ಹಿರಿಯ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಸ್ಥಾನದಲ್ಲಿರಬೇಕು. ಮೇಲ್ಮನವಿಯನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಲು ಅವರು ಸರ್ವಪ್ರಯತ್ನ ಮಾಡಬೇಕು. ವಿಚಾರಣೆಗೆ ವಿದ್ಯಾರ್ಥಿ ತಾನೇ ಹಾಜರಾಗಬಹುದು, ಇಲ್ಲವೇ ತನ್ನ ಪರವಾಗಿ ಒಬ್ಬರನ್ನು ಕಳುಹಿಸಬಹುದು.

ಕುಂದುಕೊರತೆ ಎಂದರೇನು ಎಂಬುದಕ್ಕೂ ಆ ನಿಯಮದಲ್ಲಿ ಸ್ಪಷ್ಟ ಉತ್ತರವಿದೆ. ಅರ್ಹತೆಯನ್ನು ಕಡೆಗಣಿಸಿದ ಪ್ರವೇಶ, ಮೀಸಲಾತಿಯ ಉಲ್ಲಂಘನೆ, ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು, ನಿಗದಿಗಿಂತ ಹೆಚ್ಚಿನ ಹಣ ಕೇಳುವುದು, ವಿದ್ಯಾರ್ಥಿವೇತನದ ವಿಳಂಬ, ಫಲಿತಾಂಶದ ವಿಳಂಬ, ಪಾರದರ್ಶಕವಲ್ಲದ ಮೌಲ್ಯಮಾಪನ ಇವೆಲ್ಲ ಅಲ್ಲಿವೆ. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು, ಅಂಗವಿಕಲರು ಮತ್ತು ಅಲ್ಪಸಂಖ್ಯಾತರ ವಿರುದ್ಧದ ತಾರತಮ್ಯವೂ ಇದೆ. ‘ಅಲ್ಪಸಂಖ್ಯಾತರು’ ಎಂಬ ಪದ ಅಲ್ಲಿ ಅಚ್ಚಾಗಿದೆ. ನಮ್ಮ ಎಷ್ಟು ಪದವಿ ವಿದ್ಯಾರ್ಥಿಗಳಿಗೆ ಇದು ಗೊತ್ತು?

ಹಾಗೆಂದು ಈ ನಿಯಮವನ್ನು ನಾವು ಕಣ್ಣುಮುಚ್ಚಿ ಹೊಗಳಲಾರೆವು. 2019ರ ನಿಯಮದಲ್ಲಿ ಕಾಲೇಜು, ವಿಭಾಗ, ಸಂಸ್ಥೆ, ವಿಶ್ವವಿದ್ಯಾನಿಲಯ ಎಂದು ಹಲವು ಹಂತದ ಸಮಿತಿಗಳಿದ್ದವು. 2023ರಲ್ಲಿ ಅವೆಲ್ಲ ಕರಗಿ ಒಂದಾದವು. ಉಳಿದ ಆ ಒಂದು ಸಮಿತಿಯಲ್ಲಿ ಸದಸ್ಯತ್ವವಿರುವುದು ಅಧ್ಯಾಪಕರಿಗೆ ಮಾತ್ರ. ವಿದ್ಯಾರ್ಥಿ ಪ್ರತಿನಿಧಿ ಬರೀ ಆಹ್ವಾನಿತ. ಕೋರಂನ ಮೂರು ತಲೆಗಳಲ್ಲಿ ಅವನ ತಲೆಯನ್ನು ಎಣಿಸುವುದಿಲ್ಲ. ಇಂದು ಯಾರ ವಿರುದ್ಧ ದೂರಿದೆಯೋ ನಾಳೆ ಅವರ ಜೊತೆ ಒಂದೇ ಮೇಜಿನಲ್ಲಿ ಚಹಾ ಕುಡಿಯಬೇಕಾದವರು ನ್ಯಾಯಾಧೀಶರಾಗಿರುವ ವ್ಯವಸ್ಥೆಯಿದು. ಇನ್ನು ಮೇಲ್ಮನವಿಯ ಬಾಗಿಲು? ನಿಯಮ ಬಂದು ವರ್ಷ ಕಳೆದ ಮೇಲೆ, 2024ರ ಜೂನ್‌ನಲ್ಲಿ, ಲೋಕಪಾಲರನ್ನು ನೇಮಿಸದ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸಬೇಕಾಯಿತು. ಅದರಲ್ಲಿ 157 ಹೆಸರುಗಳಿದ್ದವು. 108 ಸರಕಾರಿ ವಿಶ್ವವಿದ್ಯಾನಿಲಯಗಳೇ ಆಗಿದ್ದವು. ವಿದ್ಯಾರ್ಥಿ ಒಂದು ದಿನ ತಡವಾಗಿ ಶುಲ್ಕ ಕಟ್ಟಿದರೆ ದಂಡ ವಿಧಿಸುವ ಸಂಸ್ಥೆಗಳು ತಮ್ಮ ಕರ್ತವ್ಯಕ್ಕೆ ವರ್ಷಗಟ್ಟಲೆ ವಾಯಿದೆ ಪಡೆಯುವುದು ಎಂಥ ನ್ಯಾಯ?

ಆದರೂ ವ್ಯವಸ್ಥೆ ದೋಷಪೂರ್ಣವೆಂಬ ಕಾರಣಕ್ಕೆ ಅದನ್ನು ಬಳಸದೆ ಬಿಡುವುದನ್ನು ನಾವು ಒಪ್ಪುವುದಿಲ್ಲ. ಬಳಸದ ದಾರಿಯ ಮೇಲೆ ಮುಳ್ಳು ಬೆಳೆಯುತ್ತದೆ. ನಮ್ಮ ಸಮುದಾಯದಲ್ಲಿ ಸಮಸ್ಯೆ ಎದುರಾದಾಗ ನಡೆಯುವುದೇನು? ಮಗಳು ಮನೆಗೆ ಬಂದು ಕಣ್ಣೀರಿಟ್ಟರೆ ತಾಯಿ ಹೇಳುವ ಮೊದಲ ಮಾತು, ‘ಸುಮ್ಮನಿರು ಮಗಳೇ, ಡಿಗ್ರಿ ಮುಗಿಯುವ ತನಕ ಸಹಿಸಿಕೋ.’ ತಂದೆ ಗಲ್ಫ್‌ನಿಂದ ಫೋನ್ ಮಾಡಿ ಪರಿಚಯದ ಪುಢಾರಿಯೊಬ್ಬರಿಗೆ ವಿಷಯ ತಿಳಿಸುತ್ತಾರೆ. ಪುಢಾರಿ ಅಥವಾ ಜಮಾಅತ್‌ನ ಕಾರ್ಯದರ್ಶಿ ನಾಲ್ಕು ಜನರನ್ನು ಕಟ್ಟಿಕೊಂಡು ಪ್ರಾಂಶುಪಾಲರ ಕೊಠಡಿಗೆ ಹೋಗುತ್ತಾರೆ. ಬಿಸ್ಕತ್ತು, ಚಹಾ, ‘ನಮ್ಮದೇ ಮಗು ಸರ್, ಸ್ವಲ್ಪ ನೋಡಿಕೊಳ್ಳಿ’ ಎಂಬ ಮಾತು. ವಿಷಯ ಮುಗಿಯಿತು! ಮುಗಿದದ್ದು ಆ ಹುಡುಗಿಯ ಹಕ್ಕು. ಅದು ಉಪಕಾರವಾಗಿ ಬದಲಾಯಿತು. ಮುಂದಿನ ವರ್ಷ ಪುಢಾರಿಯ ಪರಿಚಯವಿಲ್ಲದ ಬೀಡಿ ಕಟ್ಟುವ ತಾಯಿಯ ಮಗಳು ಅದೇ ಅಧ್ಯಾಪಕರಿಂದ ಅದೇ ಅನ್ಯಾಯಕ್ಕೆ ಗುರಿಯಾಗುತ್ತಾಳೆ. ಏಕೆಂದರೆ ಹಿಂದಿನ ಪ್ರಕರಣದ ಒಂದು ಗೆರೆಯೂ ಕಾಗದದ ಮೇಲಿಲ್ಲ.

ವಿದ್ಯಾರ್ಥಿ ಸಂಘಟನೆಗಳ ರೋಗ ಇದಕ್ಕೆ ತದ್ವಿರುದ್ಧ. ಅವರು ಅರ್ಜಿಗಿಂತ ಮೊದಲು ಧ್ವನಿವರ್ಧಕವನ್ನು ಹುಡುಕುತ್ತಾರೆ. ಧರಣಿ ನಡೆಸುವುದು ಪ್ರಜೆಗಳ ಹಕ್ಕು, ನಾವದನ್ನು ಹೀಗಳೆಯುವುದಿಲ್ಲ. ಆದರೆ ಲಿಖಿತ ದೂರು, ಅದಕ್ಕೆ ಸ್ವೀಕೃತಿ, ಗಡುವು ಮೀರಿದ ಪುರಾವೆ ಇವು ಮೂರೂ ಕೈಯಲ್ಲಿಲ್ಲದ ಧರಣಿ ಮರುದಿನದ ಪತ್ರಿಕೆಯ ಭಾವಚಿತ್ರದೊಂದಿಗೆ ಕೊನೆಯಾಗುತ್ತದೆ. 2022ರ ಫೆಬ್ರವರಿಯಲ್ಲಿ ಶಿರವಸ್ತ್ರದ ಕಾರಣಕ್ಕೆ ರಾಜ್ಯದ ಕಾಲೇಜುಗಳ ಗೇಟಿನ ಹೊರಗೆ ನಿಲ್ಲಬೇಕಾಗಿ ಬಂದ ವಿದ್ಯಾರ್ಥಿನಿಯರನ್ನು ನೆನೆಯಿರಿ. ಎಂದು ತಡೆಯಲಾಯಿತು, ಯಾವ ಹುದ್ದೆಯವರು ತಡೆದರು, ಎಷ್ಟು ತರಗತಿ, ಯಾವ ಪರೀಕ್ಷೆ ತಪ್ಪಿತು ಎಂಬುದನ್ನು ಅಂದೇ ಬರೆದು ಕಚೇರಿಗೆ ಕೊಟ್ಟು ಪ್ರತಿ ಇಟ್ಟುಕೊಳ್ಳಿರೆಂದು ಅವರಿಗೆ ಹೇಳಿಕೊಟ್ಟವರೆಷ್ಟು ಮಂದಿ? ಪಿಯುಸಿಎಲ್‌ನ ಕರ್ನಾಟಕ ಘಟಕವು ವಿದ್ಯಾರ್ಥಿನಿಯರನ್ನು ಭೇಟಿಯಾಗಿ, ಅವರ ಹೇಳಿಕೆಗಳನ್ನು ದಾಖಲಿಸಿ ವರದಿ ತಂದಿತು. ಆ ಕೆಲಸವನ್ನು ಮೊದಲ ದಿನವೇ ಮಾಡಬೇಕಾಗಿದ್ದ ನಾವು ಟಿ.ವಿ. ಚರ್ಚೆಗಳಿಗೆ ಉತ್ತರಿಸುವುದರಲ್ಲಿ ದಣಿದಿದ್ದೆವು.

ದೂರು ಬರೆಯುವುದು ಪಾಂಡಿತ್ಯದ ಕೆಲಸವಲ್ಲ. ಒಂದು ದೂರಿನಲ್ಲಿ ಒಂದೇ ವಿಷಯವಿರಲಿ. ದಿನಾಂಕ, ತರಗತಿ, ನೋಂದಣಿ ಸಂಖ್ಯೆ, ನಡೆದ ಘಟನೆ, ಇರುವ ದಾಖಲೆ ಇವಿಷ್ಟು ಬಂದ ಬಳಿಕ ‘ನನಗೆ ಆಗಬೇಕಾದ ಪರಿಹಾರ ಇಂಥದ್ದು’ ಎಂಬ ಒಂದು ವಾಕ್ಯ ಕಡ್ಡಾಯವಾಗಿ ಇರಬೇಕು. ಬಹುತೇಕ ಅರ್ಜಿಗಳು ಎರಡು ಪುಟ ಗೋಳು ಹೇಳಿ, ಏನು ಬೇಕೆಂಬುದನ್ನೇ ಹೇಳದೆ ಮುಗಿಯುತ್ತವೆ. ‘ಅವರು ಕೆಟ್ಟವರು’ ಎಂಬುದು ದೂರಲ್ಲ. ‘ಎರಡನೇ ಕಿರುಪರೀಕ್ಷೆಗೆ ನಾನು ಹಾಜರಾಗಿದ್ದರೂ ಆಂತರಿಕ ಅಂಕಪಟ್ಟಿಯಲ್ಲಿ ಗೈರು ಎಂದು ನಮೂದಾಗಿದೆ, ಹಾಜರಿ ಸಹಿಯನ್ನು ಪರಿಶೀಲಿಸಿ ಸರಿಪಡಿಸಬೇಕು’ ಎಂಬುದು ದೂರು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ, ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಗುಮಾಸ್ತರು ನಿರಾಕರಿಸಿದರೆ ಜಗಳ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಶೀದಿಯನ್ನು ಜೋಪಾನವಾಗಿಡಿ. ಪ್ರತಿ ಸಂಸ್ಥೆಯೂ ದೂರಿಗಾಗಿ ಆನ್‌ಲೈನ್ ಪೋರ್ಟಲ್ ಹೊಂದಿರಬೇಕೆಂದೂ 2023ರ ನಿಯಮ ಹೇಳುತ್ತದೆ. ಅದಿದ್ದರೆ ಅಲ್ಲೂ ಸಲ್ಲಿಸಿ. ಇಲ್ಲದಿದ್ದರೆ ಅದೂ ಒಂದು ದೂರಾಗಬಲ್ಲದು.

ಅಂಕಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮರುಮೌಲ್ಯಮಾಪನ ಬೇಕೆಂಬ ಮೇಲ್ಮನವಿಯನ್ನು ಲೋಕಪಾಲರು ಸ್ವೀಕರಿಸುವುದಿಲ್ಲ. ಫಲಿತಾಂಶವನ್ನೇ ಬದಲಿಸಬಲ್ಲ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ಬೊಟ್ಟು ಮಾಡಿ ತೋರಿಸಬೇಕಾಗುತ್ತದೆ. ತೋರಿಸುವುದು ಹೇಗೆ? ಇಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ನೆರವಿಗೆ ಬರುತ್ತದೆ. ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆಯೆಂದು 2011ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪಿತ್ತಿದೆ. ಕಾಲೇಜು ಖಾಸಗಿಯಾಗಿದ್ದರೂ ಉತ್ತರ ಪತ್ರಿಕೆ ಸರಕಾರಿ ವಿಶ್ವವಿದ್ಯಾನಿಲಯದ ವಶದಲ್ಲಿದ್ದರೆ ಅರ್ಜಿಯನ್ನು ಅಲ್ಲಿಗೇ ಸಲ್ಲಿಸಬಹುದು. ಕರ್ನಾಟಕದಲ್ಲಿ ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಗಡುವು. ಒಂದು ಪ್ಲೇಟ್ ಗೋಳಿಬಜೆಗಿಂತ ಅಗ್ಗದ ಹಕ್ಕು ಇದು.

ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವ ದಂಧೆಯ ಬಗ್ಗೆ ನಮಗೆ ವಿಶೇಷ ಸಿಟ್ಟಿದೆ. ಮೂಲ ದಾಖಲೆಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ವಶದಲ್ಲಿಟ್ಟುಕೊಳ್ಳುವಂತಿಲ್ಲವೆಂದು ಆಯೋಗವು 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಪ್ರವೇಶ ರದ್ದುಪಡಿಸಿದವರಿಗೆ ಹಿಂದಿರುಗಿಸಬೇಕಾದ ಶುಲ್ಕದ ಪ್ರಮಾಣವನ್ನೂ ಅದರಲ್ಲೇ ಹೇಳಲಾಗಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಹೊರಬಂದರೆ ಅಲ್ಪ ಸಂಸ್ಕರಣಾ ವೆಚ್ಚದ ಹೊರತು ಪೂರ್ಣ ಶುಲ್ಕ. ಕೊನೆಯ ದಿನ ಕಳೆದು 15ರಿಂದ 30 ದಿನಗಳ ನಡುವೆ ಬಂದರೂ ಅರ್ಧ. ಕಾಲೇಜು ಬದಲಿಸಲು ಬಯಸಿದ ಹುಡುಗನಿಗೆ ‘ಮೂರು ವರ್ಷದ ಫೀಸು ಕಟ್ಟಿ ಸರ್ಟಿಫಿಕೇಟ್ ಒಯ್ಯಿ’ ಎನ್ನುವವರು ಶಿಕ್ಷಣ ಸಂಸ್ಥೆ ನಡೆಸುತ್ತಿಲ್ಲ, ಗಿರವಿ ಅಂಗಡಿ ನಡೆಸುತ್ತಿದ್ದಾರೆ.

ಎಲ್ಲ ನೋವುಗಳನ್ನೂ ಈ ಒಂದೇ ಸಮಿತಿಯ ಮುಂದೆ ಒಯ್ಯುವುದು ತಪ್ಪು. ಲೈಂಗಿಕ ಕಿರುಕುಳಕ್ಕೆ ಆಂತರಿಕ ದೂರು ಸಮಿತಿ ಬೇರೆಯೇ ಇದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು, 90 ದಿನಗಳೊಳಗೆ ತನಿಖೆ ಎಂಬುದು 2015ರ ನಿಯಮ. ರ‍್ಯಾಗಿಂಗ್‌ಗೆ 2009ರ ನಿಯಮವಿದೆ, 1800-180-5522 ಎಂಬ ಸಹಾಯವಾಣಿಯಿದೆ. ಹಿಮಾಚಲ ಪ್ರದೇಶದ ವೈದ್ಯ ವಿದ್ಯಾರ್ಥಿ ಅಮನ್ ಕಾಚ್ರೂ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಬಲಿಯಾದ ವರ್ಷವೇ ಅದು ಜಾರಿಗೆ ಬಂತು. ಪ್ರವೇಶದ ವೇಳೆ ಮಕ್ಕಳೂ ಪೋಷಕರೂ ಸಹಿ ಹಾಕುವ ಮುಚ್ಚಳಿಕೆ ಅದರದ್ದೇ. ಓದಿ ಸಹಿ ಹಾಕುವವರು ಅಪರೂಪ. ಪದವಿಪೂರ್ವ ಕಾಲೇಜುಗಳು ಆಯೋಗದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅಲ್ಲಿನ ದೂರು ಜಿಲ್ಲೆಯ ಉಪನಿರ್ದೇಶಕರಿಗೆ ಹೋಗಬೇಕು.

ಕೇಳಿಸಿಕೊಳ್ಳದ ದೂರಿನ ಬೆಲೆ ಎಷ್ಟೆಂಬುದಕ್ಕೆ ಮುಂಬೈಯ ಡಾ. ಪಾಯಲ್ ತಡ್ವಿ ಸಾಕ್ಷಿ. ತಡ್ವಿ ಭಿಲ್ ಬುಡಕಟ್ಟಿನ ಮುಸ್ಲಿಮ್ ಕುಟುಂಬದ ಆ ಯುವ ವೈದ್ಯೆ 2019ರ ಮೇ 22ರಂದು ಪ್ರಾಣ ಕಳೆದುಕೊಂಡಳು. ಜಾತಿ ನಿಂದನೆಯ ಕಿರುಕುಳದ ಬಗ್ಗೆ ಮೊದಲೇ ಮೇಲಿನವರಿಗೆ ತಿಳಿಸಿದ್ದೆವೆಂದು ಕುಟುಂಬ ಹೇಳಿತು. ಅದೇ ವರ್ಷ ಆಕೆಯ ತಾಯಿ ಆಬಿದಾ ತಡ್ವಿ, ಹೈದರಾಬಾದಿನ ರೋಹಿತ್ ವೇಮುಲನ ತಾಯಿ ರಾಧಿಕಾ ವೇಮುಲರೊಂದಿಗೆ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. ತಾರತಮ್ಯ ತಡೆಯಲು ಇರುವ ನಿಯಮಗಳು ಕ್ಯಾಂಪಸ್‌ಗಳಲ್ಲಿ ಜಾರಿಯಾಗುತ್ತಿಲ್ಲವೆಂಬುದೇ ಅವರ ಅಳಲಾಗಿತ್ತು. ಇಬ್ಬರು ತಾಯಂದಿರು ಮಕ್ಕಳನ್ನು ಕಳಕೊಂಡ ಮೇಲೆ ಎತ್ತಿದ ಪ್ರಶ್ನೆಯನ್ನು ನಮ್ಮ ತಾಯಂದಿರು ಮಕ್ಕಳಿರುವಾಗಲೇ ಎತ್ತಬಾರದೇ?

ದೂರು ಕೊಟ್ಟರೆ ಸೇಡು ತೀರಿಸಿಕೊಳ್ಳುತ್ತಾರೆಂಬ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪ್ರಾಯೋಗಿಕ ಪರೀಕ್ಷೆಯ ಅಂಕ ಅದೇ ಅಧ್ಯಾಪಕರ ಕೈಯಲ್ಲಿದೆ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಲೋಕಪಾಲರು ಶಿಫಾರಸು ಮಾಡಬಹುದೆಂಬ ಮಾತೂ ನಿಯಮದಲ್ಲಿದೆ. ಅದನ್ನೇ ಬೆದರಿಕೆಯಾಗಿ ಬಳಸುವವರೂ ಇದ್ದಾರೆ. ಆದ್ದರಿಂದಲೇ ತರಗತಿಯ ಹತ್ತು ಮಂದಿ ಸೇರಿ ಸಹಿ ಹಾಕಿದ ದೂರಿಗೆ ಬಲ ಹೆಚ್ಚು. ಆ ಹತ್ತರಲ್ಲಿ ಎಲ್ಲ ಧರ್ಮದವರೂ ಇರಲಿ. ಶೌಚಾಲಯದ ಚಿಲಕಕ್ಕೂ ತಡವಾದ ಫಲಿತಾಂಶಕ್ಕೂ ಜಾತಿಯಿಲ್ಲ.

ಇನ್ನು ನಮ್ಮವರ ಸರದಿ. ಕಳೆದ ಎರಡು ಮೂರು ದಶಕಗಳಲ್ಲಿ ಸಮುದಾಯದ ಮಹನೀಯರು ಅನೇಕ ಕಾಲೇಜುಗಳನ್ನು ಕಟ್ಟಿದ್ದಾರೆ. ಹೆಣ್ಣುಮಕ್ಕಳು ಅಲ್ಲಿಂದ ಪದವೀಧರರಾಗಿ ಹೊರಬಂದಿದ್ದಾರೆ. ಆ ಸೇವೆಯನ್ನು ನಾವು ಮನಸಾರೆ ಗೌರವಿಸುತ್ತೇವೆ. ಆದರೆ ಅಲ್ಪಸಂಖ್ಯಾತ ಸಂಸ್ಥೆಯೆಂಬ ಮಾನ್ಯತೆ ವಿದ್ಯಾರ್ಥಿಗಳಿಗೆ ಉತ್ತರದಾಯಿಯಾಗಿರುವುದರಿಂದ ವಿನಾಯಿತಿ ಕೊಡುವುದಿಲ್ಲ. ‘ನಮ್ಮದೇ ಸಂಸ್ಥೆ, ಹೊರಗೆ ಹೇಳಿದರೆ ಸಮುದಾಯದ ಮಾನ ಹೋಗುತ್ತದೆ’ ಎಂದು ಹುಡುಗಿಯರ ಬಾಯಿ ಮುಚ್ಚಿಸುವುದು ಅಲ್ಲೂ ನಡೆಯುತ್ತಿದೆ. ಹಾಸ್ಟೆಲ್ ಊಟದ ಬಗ್ಗೆ ಮಾತೆತ್ತಿದವಳಿಗೆ ‘ದಾನಿಗಳ ಹಣದಲ್ಲಿ ಓದುತ್ತಿದ್ದೀ’ ಎಂದು ಹಂಗಿಸುವುದೂ ನಡೆಯುತ್ತಿದೆ. ಬೇರೆಯವರ ಕಾಲೇಜಿನ ತಾರತಮ್ಯವನ್ನು ಪ್ರಶ್ನಿಸುವ ನೈತಿಕ ಬಲ ಇಂಥವರಿಗೆ ಎಲ್ಲಿಂದ ಬಂದೀತು?

ಈ ಶೈಕ್ಷಣಿಕ ವರ್ಷದ ಪ್ರವೇಶ ಮುಗಿಯುವ ಮುನ್ನ ಸಮುದಾಯದ ಪ್ರತಿ ಪದವಿ ಕಾಲೇಜೂ ತನ್ನ ಕುಂದುಕೊರತೆ ಸಮಿತಿಯ ಮತ್ತು ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರುಗಳನ್ನು, ತನ್ನ ವಿಶ್ವವಿದ್ಯಾನಿಲಯದ ಲೋಕಪಾಲರ ವಿಳಾಸವನ್ನು ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ. ಕಳೆದ ವರ್ಷ ಎಷ್ಟು ದೂರು ಬಂತು, ಎಷ್ಟು ಇತ್ಯರ್ಥವಾಯಿತು ಎಂಬುದನ್ನೂ ಅದರ ಕೆಳಗೆ ಬರೆಯಲಿ. ಆ ಫಲಕದ ಒಂದು ಪ್ರತಿಯನ್ನು ನಮಗೆ ಕಳುಹಿಸಿದರೆ ಕಾಲೇಜಿನ ಹೆಸರಿನೊಂದಿಗೆ ಈ ಪುಟದಲ್ಲಿ ಪ್ರಕಟಿಸುತ್ತೇವೆ. ದೂರುಗಳ ಸಂಖ್ಯೆ ಶೂನ್ಯವೆಂದಿದ್ದರೆ ಅದನ್ನೂ ಹಾಗೆಯೇ ಪ್ರಕಟಿಸುತ್ತೇವೆ. ಆ ಕಾಲೇಜಿನ ವಿದ್ಯಾರ್ಥಿಗಳೂ ನಮ್ಮ ಓದುಗರೇ.