ಶಬ್ದದ ಅರ್ಥವೂ ಹೆಸರಿನ ಗುರುತೂ

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ನಮ್ಮ ನಾರಾವಿಯ ಮನೆಗಳ ಚಾವಡಿಗಳಲ್ಲಿ ಮಕ್ಕಳ ಕಂಠಪಾಠದ ಧ್ವನಿಯು ಕೇಳತೊಡಗುವುದು. ಒಂದು ಪುಟದಲ್ಲಿ ಶಬ್ದಗಳು, ಅವುಗಳ ಎದುರಿಗೆ ಅರ್ಥ. ಮತ್ತೊಂದು ಪುಟದಲ್ಲಿ ಪ್ರಸಿದ್ಧ ಪುರುಷರ ಹೆಸರುಗಳು, ಅವುಗಳ ಎದುರಿಗೆ ಒಂದೊಂದು ಮಾತಿನ ಪರಿಚಯ. ‘ಮುದ್ದಣ—ಕವಿ, ಕಿಟ್ಟೆಲ್—ನಿಘಂಟುಕಾರ, ರತ್ನಾಕರವರ್ಣಿ—ಭರತೇಶವೈಭವ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವರು. ಉತ್ತರವು ಸರಿ, ಅಂಕಗಳೂ ದೊರೆಯುವುವು. ಆದರೆ ‘ಇವರು ಯಾರು, ಎಲ್ಲಿಯವರು?’ ಎಂದು ಕೇಳಿದರೆ ಮಗುವು ನಮ್ಮ ಮುಖವನ್ನೇ ನೋಡುವುದು. ಶಬ್ದಕ್ಕೆ ಅರ್ಥವು ಹೇಗೋ ಹೆಸರಿಗೆ ಗುರುತು ಹಾಗೆ. ಎರಡೂ ಬಳಕೆಯಲ್ಲಿ ಸವೆಯುವುವು. ಎರಡನ್ನೂ ಕೇಳಿಯೇ ತಿಳಿಯಬೇಕು. ಆದುದರಿಂದ ಈ ತಿಂಗಳು ಶಾಲೆಗೆ ಸಂಬಂಧಪಟ್ಟ ಕೆಲವು ಶಬ್ದಗಳನ್ನೂ ನಮ್ಮ ಸೀಮೆಯ ಕೆಲವು ಹೆಸರುಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಿಸುವೆವು.

ಮೊದಲು ‘ಶಿಕ್ಷೆ’ ಎಂಬ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ‘ಶಿಕ್ಷ್’ ಎಂಬ ಧಾತುವಿಗೆ ವಿದ್ಯೆಯನ್ನು ಸಂಪಾದಿಸುವುದೆಂದು ಅರ್ಥ. ವೇದದ ಆರು ಅಂಗಗಳಲ್ಲಿ ಶಿಕ್ಷೆಯೂ ಒಂದು. ಅದು ವರ್ಣೋಚ್ಚಾರಣೆಯನ್ನು ಕಲಿಸುವ ಶಾಸ್ತ್ರವು. ತೈತ್ತಿರೀಯೋಪನಿಷತ್ತಿನಲ್ಲಿ ಆಚಾರ್ಯನು ಶಿಷ್ಯನನ್ನು ಮನೆಗೆ ಕಳುಹಿಸುವಾಗ ಹೇಳುವ ಹಿತವಚನಗಳಿರುವ ಭಾಗಕ್ಕೆ ಶೀಕ್ಷಾವಲ್ಲಿಯೆಂದೇ ಹೆಸರು. ದಂಡಿಸುವುದಕ್ಕೆ ಸಂಸ್ಕೃತದಲ್ಲಿ ‘ದಂಡ’ವೆಂಬ ಬೇರೆ ಶಬ್ದವೇ ಇದೆ. ಆದರೆ ಕನ್ನಡದಲ್ಲಿ ಇಂದು ‘ಶಿಕ್ಷೆಯಾಯಿತು’ ಎಂದರೆ ಯಾರೂ ವಿದ್ಯೆಯಾಯಿತೆಂದು ತಿಳಿಯುವುದಿಲ್ಲ. ಬೆತ್ತವೋ ಸೆರೆಮನೆಯೋ ನೆನಪಾಗುವುದು. ಕಲಿಸುವುದು, ತಿದ್ದುವುದು, ಹೊಡೆಯುವುದು—ಹೀಗೆ ಒಂದೊಂದೇ ಮೆಟ್ಟಲನ್ನು ಇಳಿದು ಶಬ್ದವು ಈ ಸ್ಥಿತಿಗೆ ಬಂದಿದೆ. ಇದರಲ್ಲಿ ಶಬ್ದದ ದೋಷವಿಲ್ಲ. ನಮ್ಮ ಹಳೆಯ ಶಾಲೆಗಳ ನಡೆವಳಿಕೆಯೇ ಅದರೊಳಗೆ ಅಚ್ಚೊತ್ತಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಮಾಡುವುದನ್ನೂ ನಿಷೇಧಿಸಿತು. ಕಾಯಿದೆಯು ಬೆತ್ತವನ್ನು ಕಸಿದುಕೊಂಡಿತೆಂದು ವ್ಯಸನಪಡುವವರು, ಅದು ಶಬ್ದಕ್ಕೆ ಅದರ ಹಳೆಯ ಮಾನವನ್ನು ಹಿಂದಕ್ಕೆ ಕೊಟ್ಟಿತೆಂದೂ ತಿಳಿಯಬಹುದು.

ಇನ್ನು ಕಲಿಸುವವರ ಹೆಸರುಗಳು. ಗುರು, ಆಚಾರ್ಯ, ಉಪಾಧ್ಯಾಯ ಎಂಬುವನ್ನು ನಾವು ಭೇದವಿಲ್ಲದೆ ಬಳಸುವೆವು. ಮನುಸ್ಮೃತಿಯು ಮಾತ್ರ ಭೇದವನ್ನು ಹೇಳುವುದು. ಉಪನಯನವನ್ನು ಮಾಡಿ ವೇದವನ್ನು ಸಮಗ್ರವಾಗಿ ಕಲಿಸುವವನು ಆಚಾರ್ಯನು. ಅದರ ಒಂದು ಭಾಗವನ್ನು ಜೀವನೋಪಾಯಕ್ಕಾಗಿ ಕಲಿಸುವವನು ಉಪಾಧ್ಯಾಯನು. ಸಂಸ್ಕಾರಗಳನ್ನು ಮಾಡಿ ಅನ್ನವನ್ನಿಟ್ಟು ಬೆಳೆಸುವವನು ಗುರುವು. ಈ ಲೆಕ್ಕದಂತೆ ತಿಂಗಳ ಸಂಬಳವನ್ನು ಎಣಿಸಿಕೊಂಡು ಪಾಠ ಹೇಳಿದ ನಾವೆಲ್ಲರೂ ಉಪಾಧ್ಯಾಯರೇ. ಗುರುಪದವಿಯು ಮನೆಯಲ್ಲಿರುವ ತಂದೆಯದು. ಮಕ್ಕಳ ವಿದ್ಯೆಯನ್ನು ಶಾಲೆಗೆ ಒಪ್ಪಿಸಿ ನಿಶ್ಚಿಂತರಾಗಿರುವ ಗೃಹಸ್ಥರು ಇದನ್ನು ಸ್ವಲ್ಪ ಯೋಚಿಸಬೇಕು. ಮಕ್ಕಳ ಬಾಯಿಯ ‘ಮಾಸ್ಟ್ರು’ ಇಂಗ್ಲಿಷಿನ ‘ಮಾಸ್ಟರ್’ ಎಂಬುದರಿಂದ ಬಂದುದು. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಹಿರಿಯನೆಂದು ಅರ್ಥ. ಅದಕ್ಕಿಂತ ಮುಂಚೆ ನಮ್ಮಲ್ಲಿ ಇದ್ದವರು ಐಗಳು. ಅವರು ಕಲಿಸುತ್ತಿದ್ದ ಸ್ಥಳವು ಐಗಳ ಮಠ. ‘ಸನ್ಯಾಸಿಗಳಿಲ್ಲದೆ ಮಠವೆಲ್ಲಿಯದು?’ ಎಂದು ನಗುವವರುಂಟು. ಆದರೆ ಅಮರಕೋಶವು ಮಠವೆಂದರೆ ವಿದ್ಯಾರ್ಥಿಗಳೇ ಮೊದಲಾದವರು ವಾಸಿಸುವ ಮನೆಯೆಂದು ಹೇಳುವುದು. ನಮ್ಮ ಅಜ್ಜಂದಿರ ಮಾತೇ ಸರಿಯಾಗಿತ್ತು.

ಕಲಿಯುವವನಿಗೂ ಹಲವು ಹೆಸರುಗಳುಂಟು. ವಿದ್ಯೆಯನ್ನು ಬೇಡುವವನು ವಿದ್ಯಾರ್ಥಿ. ಗುರುವಿನ ದೋಷಗಳನ್ನು ಕೊಡೆಯಂತೆ ಮರೆಮಾಡುವವನು ಛಾತ್ರನೆಂದು ವೈಯಾಕರಣರು ಹೇಳುವರು. ಬ್ರಹ್ಮಚರ್ಯದಲ್ಲಿರುವವನು ವರ್ಣಿ. ಈ ಕೊನೆಯ ಶಬ್ದವು ನಮ್ಮ ನೆರೆಯ ಮೂಡುಬಿದಿರೆಯ ಕವಿಯ ಹೆಸರಿನಲ್ಲಿಯೇ ಇದೆ. 16ನೆಯ ಶತಮಾನದ ರತ್ನಾಕರವರ್ಣಿಯ ಹೆಸರನ್ನು ಹೇಳುವ ಹುಡುಗರು, ಚೆನ್ನಾಗಿ ವರ್ಣಿಸಿದುದರಿಂದ ‘ವರ್ಣಿ’ ಎಂದು ಭಾವಿಸುವುದು ಸಹಜ. ಕವಿಗೆ ಅದೂ ಒಪ್ಪುವುದಾದರೂ ಶಬ್ದಾರ್ಥವು ಬ್ರಹ್ಮಚಾರಿಯೆಂದೇ. ಸಾಂಗತ್ಯದಲ್ಲಿ ಅವನು ಹಾಡಿದುದು ಭರತಚಕ್ರವರ್ತಿಯ ಕಥೆಯನ್ನು. ಆ ಭರತನ ತಮ್ಮನಾದ ಬಾಹುಬಲಿಯೇ ಕಾರ್ಕಳದಲ್ಲಿ 1432ರಿಂದಲೂ ವೇಣೂರಿನಲ್ಲಿ 1604ರಿಂದಲೂ ನಿಂತಿರುವವನು. ಈ ಎರಡು ಊರುಗಳ ನಡುವೆ ದಿನವೂ ಬಸ್ಸಿನಲ್ಲಿ ಓಡಾಡುವ ನಮ್ಮ ಮಕ್ಕಳಿಗೆ ‘ರತ್ನಾಕರವರ್ಣಿ—ಭರತೇಶವೈಭವ’ ಎಂಬುದು ಒಂದು ಅಂಕದ ಉತ್ತರವಾಗಿ ಉಳಿಯಬೇಕೇ?

ಮೂಡುಬಿದಿರೆಯೆಂದಾಗ ‘ಗ್ರಂಥ’ವೆಂಬ ಶಬ್ದವೂ ನೆನಪಿಗೆ ಬರುವುದು. ‘ಗ್ರಂಥ್’ ಎಂದರೆ ಪೋಣಿಸು, ಕಟ್ಟು. ತಾಳೆಯೋಲೆಗಳಿಗೆ ತೂತುಮಾಡಿ ದಾರವನ್ನು ಪೋಣಿಸಿ ಕಟ್ಟಿದ ಕಟ್ಟನ್ನು ಕಂಡವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ವೀರಸೇನಾಚಾರ್ಯರ ‘ಧವಳಾ’ ಟೀಕೆಯು ಅಂತಹ ಓಲೆಗಳಲ್ಲಿ ಮೂಡುಬಿದಿರೆಯಲ್ಲಿ ಶತಮಾನಗಳ ಪರ್ಯಂತ ರಕ್ಷಿತವಾಗಿದ್ದು, 1939ರಿಂದ ಅಚ್ಚಾಗಿ ಲೋಕಕ್ಕೆ ದೊರೆಯಿತು. ಕಟ್ಟನ್ನು ಕಾಪಾಡುವುದು ಒಂದು ಕಾರ್ಯ. ಬಿಚ್ಚಿ ಓದುವುದು ಇನ್ನೊಂದು. ಎರಡೂ ನಡೆದರೆ ಮಾತ್ರ ಗ್ರಂಥವು ಸಾರ್ಥಕವು.

‘ನಿಘಂಟು’ ಎಂಬುದು ಮೊದಲಿಗೆ ಕಠಿಣವಾದ ವೈದಿಕ ಶಬ್ದಗಳ ಪಟ್ಟಿಯ ಹೆಸರು. ಯಾಸ್ಕರು ನಿರುಕ್ತವನ್ನು ರಚಿಸಿದುದು ಅದರ ಮೇಲೆಯೇ. ಕನ್ನಡದಲ್ಲಿ ಆ ಶಬ್ದದೊಡನೆ ಕೂಡಿಕೊಂಡ ಹೆಸರು ಫರ್ಡಿನೆಂಡ್ ಕಿಟ್ಟೆಲರದು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಇವರು 1853ರಲ್ಲಿ ಬಾಸೆಲ್ ಮಿಶನ್ನಿನ ಬೋಧಕರಾಗಿ ಈ ದೇಶಕ್ಕೆ ಬಂದರು. ಕಾವ್ಯಗಳನ್ನು ಓದಿ, ಪಂಡಿತರನ್ನು ವಿಚಾರಿಸಿ, ಜನರ ಗಾದೆಗಳನ್ನು ಕಲೆಹಾಕಿ, ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಪರದೇಶದಿಂದ ಬಂದವರು ನಮ್ಮ ಮಾತಿನ ಅರ್ಥವನ್ನು ಕೇಳಿ ಕೇಳಿ ಬರೆದುಕೊಂಡರು. ಮನೆಯ ಮಾತಾದುದರಿಂದ ನಾವು ಕೇಳುವುದನ್ನೇ ಬಿಟ್ಟಿರುವೆವು.

ಕೊನೆಯದಾಗಿ ಮುದ್ದಣ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮವನ್ನು ಕಲಿಸುತ್ತಿದ್ದವರು. ಜನರ ಮಾತಿನಲ್ಲಿ ಡ್ರಿಲ್ ಮಾಸ್ಟ್ರು. ಹಗಲು ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಆ ಕೈಯೇ ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆಯಿತು. ಆದರೆ ಅವರು ಇವನ್ನು ತಮ್ಮವೆಂದು ಹೇಳಿಕೊಳ್ಳದೆ, ಹಿಂದಿನ ಕಾಲದ ಕವಿಯ ಕೃತಿಗಳೆಂಬಂತೆ, ಮೈಸೂರಿನಲ್ಲಿ ಪ್ರಾಚೀನ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ವಿದ್ವಾಂಸರಿಗೆ ಕಳುಹಿಸಿದರು. 1901ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಮುದ್ದಣನೆಂದರೆ ಇವರೇ ಎಂಬುದು ಕಾಲಾಂತರದಲ್ಲಿ ವಿದ್ವಾಂಸರು ವಿಚಾರಿಸಿ ಗೊತ್ತುಮಾಡಿದ ಮೇಲೆ ಲೋಕಕ್ಕೆ ತಿಳಿಯಿತು. ಕಾವ್ಯವು ಕೈಯಿಂದ ಕೈಗೆ ಹೋಗುತ್ತಿತ್ತು. ಕವಿಯನ್ನು ದಿನವೂ ಶಾಲೆಯಲ್ಲಿ ಕಾಣುತ್ತಿದ್ದ ಎಷ್ಟು ಮಂದಿಗೆ ಅವರು ಬರಿಯ ಡ್ರಿಲ್ ಮಾಸ್ಟ್ರಾಗಿಯೇ ಉಳಿದಿದ್ದರೋ! ‘ಮುದ್ದಣ—ಕವಿ’ ಎಂದು ಒಪ್ಪಿಸುವ ಮಗುವಿಗೆ ಇಷ್ಟನ್ನು ಹೇಳಿದರೆ, ತನ್ನ ಶಾಲೆಯ ಉಪಾಧ್ಯಾಯರನ್ನೂ ನಾಳೆ ಅದು ಬೇರೆ ಕಣ್ಣಿನಿಂದ ನೋಡೀತು.

ಇದೇ ರಾಮಾಶ್ವಮೇಧದಲ್ಲಿ ಕಥೆಯನ್ನು ಕೇಳುವವಳು ಮನೋರಮೆ, ಮುದ್ದಣನ ಮಡದಿ. ಅವನು ಸಂಸ್ಕೃತದ ಬಿರುಸಾದ ಮಾತುಗಳಿಂದ ಪ್ರಾರಂಭಿಸಲು ಹೊರಟರೆ ಅವಳು ಸುಮ್ಮನೆ ತಲೆಯಾಡಿಸುವುದಿಲ್ಲ; ತಡೆದು, ತಿಳಿಯುವಂತೆ ಹೇಳೆಂದು ಕೇಳುವಳು. ಅವನು ಸೋತು ಕನ್ನಡದ ದಾರಿಗೆ ಬರುವನು. ಸಂಸ್ಕೃತವನ್ನು ಓದಿದ ನಮಗೆ ಆ ಸೋಲು ಬಹು ಹಿತವಾಗಿ ತೋರುವುದು. ಅರ್ಥವಾಗಲಿಲ್ಲವೆಂದು ಹೇಳುವ ಧೈರ್ಯವೇ ವಿದ್ಯೆಯ ಮೊದಲ ಪಾಠವು.

‘ಪರೀಕ್ಷೆ’ ಎಂದರೆ ಸುತ್ತಲೂ ನೋಡುವುದೆಂದು ಅರ್ಥ. ಒಂದೇ ಸಾಲಿನ ಉತ್ತರದಲ್ಲಿ ಒಂದೇ ಮಗ್ಗುಲು ಕಾಣುವುದು. ಉಳಿದ ಮಗ್ಗುಲುಗಳನ್ನು ತೋರಿಸುವುದಕ್ಕೆ ಮನೆಯೇ ತಕ್ಕ ಸ್ಥಳವು. ತಾಯಂದಿರೂ ಅಜ್ಜಿಯರೂ ರಾತ್ರಿಯ ಊಟಕ್ಕೆ ಮುಂಚೆ ಮಗುವಿನ ಪಾಠದಿಂದ ಒಂದು ಶಬ್ದವನ್ನೂ ಒಂದು ಹೆಸರನ್ನೂ ಆರಿಸಿಕೊಂಡು, ‘ಇದೇಕೆ ಹೀಗೆ? ಇವರು ಯಾರು?’ ಎಂದು ಕೇಳಲಿ. ಉತ್ತರವು ತಿಳಿಯದಿದ್ದರೆ ನಾಚಿಕೆಯಿಲ್ಲ. ಮಗುವಿನೊಡನೆ ಕುಳಿತು ನಿಘಂಟನ್ನು ತೆರೆಯಬಹುದು, ಊರಿನ ಹಿರಿಯರನ್ನು ವಿಚಾರಿಸಬಹುದು. ವರ್ಷವೊಂದಕ್ಕೆ ಮುನ್ನೂರಕ್ಕೂ ಮಿಕ್ಕ ಶಬ್ದಗಳು ಮನೆಯ ಸೊತ್ತಾಗುವುವು.

ಮುಂದಿನ ಸಂಚಿಕೆಯಲ್ಲಿ ಸೇರು, ಕಳಸೆ, ಮುಡಿ ಮೊದಲಾದ ಅಳತೆಯ ಮಾತುಗಳನ್ನು ವಿಚಾರಿಸುವೆವು.