ಬಾಗಿಲಿಗೆ ಬಂದ ಆರೋಗ್ಯ ಕಾರ್ಯಕರ್ತೆಯರಿಗೆ ಭದ್ರತೆ ಸಿಗಲಿ



2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ನಮ್ಮಂಥ ಹೊಳೆದಂಡೆಯ ಹಳ್ಳಿಗಳ ಬಾಣಂತಿಯರು ಕಂಗಾಲಾಗಿದ್ದರು. ಸಿಂಧನೂರಿಗೆ ಬಸ್ಸಿಲ್ಲ, ಅಂಗನವಾಡಿಗೆ ಬೀಗ. ಆಸ್ಪತ್ರೆಗೆ ಹೋದರೆ ಕೂಸಿಗೂ ಕೊರೊನಾ ತಗುಲೀತೆಂಬ ಅಂಜಿಕೆ ಬೇರೆ.

ಆಗ ಕೈಹಿಡಿದವರು ನರ್ಸಮ್ಮ ಮತ್ತು ಆಶಾ ಅಕ್ಕ. ಕಟ್ಟೆಯ ಮೇಲೆ ದೂರ ಕುಳಿತು ತಾಯಿ ಕಾರ್ಡ್ ಬಿಡಿಸಿ, ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿನಲ್ಲಿ ಯಾವುದು ಬಾಕಿ ಎಂದು ಬೆರಳಿಟ್ಟು ನೋಡುತ್ತಿದ್ದರು. ತಾಯಿಗೆ ಸೋಂಕಿದ್ದರೂ ಮಾಸ್ಕ್ ಕಟ್ಟಿಕೊಂಡು, ಸಾಬೂನಿನಿಂದ ಕೈ ತೊಳೆದು ಎದೆಹಾಲು ಕುಡಿಸಬಹುದು ಎಂದು ಹೇಳಿದರು. ಈ ಒಂದು ಮಾತಿಗೆ ಎಷ್ಟೋ ಮನೆಗಳ ಹಿರಿಯರು ಸಮಾಧಾನಗೊಂಡರು. ಹಾಲು ಬಿಡಿಸಿ ಡಬ್ಬಿ ಪುಡಿ ತರಲು ಕೂಲಿ ಇಲ್ಲದ ಮನೆಗಳಲ್ಲಿ ದುಡ್ಡಾದರೂ ಎಲ್ಲಿತ್ತು?

ಆ ವರ್ಷ ದೇಶದಲ್ಲಿ ಸುಮಾರು 30 ಲಕ್ಷ ಕೂಸುಗಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಮೊದಲ ಡೋಸೂ ಸಿಗಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿದವು. 2019ರಲ್ಲಿ ಅದು 14 ಲಕ್ಷವಿತ್ತು. ಮನೆ ಮನೆ ತಿರುಗುವವರು ಇಲ್ಲದಿದ್ದರೆ ಈ ಲೆಕ್ಕ ಇನ್ನೂ ಏರುತ್ತಿತ್ತು.

ಇಂಥ ಆಶಾ ಅಕ್ಕಂದಿರೇ 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಇದು ನಾಚಿಕೆಗೇಡು. ಬರೀ ಚಪ್ಪಾಳೆಯಿಂದ ಹೊಟ್ಟೆ ತುಂಬದು. ಇವರಿಗೆ ನಿಗದಿತ ವೇತನ ಕೊಡಿ, ಮುಂದಿನ ಸೋಂಕು ಬರುವ ಮೊದಲೇ ಮಾಸ್ಕ್, ಕೈಗವಸುಗಳ ದಾಸ್ತಾನನ್ನು ಉಪಕೇಂದ್ರಗಳಿಗೆ ತಲುಪಿಸಿ ಎಂದು ಸರ್ಕಾರವನ್ನು ಒತ್ತಾಯಿಸುತ್ತೇನೆ.

— ಓದುಗರೊಬ್ಬರು, ಮುಕ್ಕುಂದ, ಸಿಂಧನೂರು ತಾಲ್ಲೂಕು